ನಮ್ಮ ಸಂಗ್ರಹದ ಇತಿಹಾಸ ಬರೆಯಲು ಕೂತಾಗ

ಊರವರೇ ಸೇರಿ ನಡೆಸುವ ನಮ್ಮ ಇತಿಹಾಸ ಸಂಗ್ರಹ ಹುಟ್ಟಿದ ಬಗೆಯನ್ನು ನಾಲ್ಕು ಪುಟದಲ್ಲಿ ಬರೆದುಕೊಡಿ ಎಂದು ಜೊತೆಯವರು ಹೇಳಿದಾಗ, ಒಂದು ಸಂಜೆಯ ಕೆಲಸ ಅಂದುಕೊಂಡು ಒಪ್ಪಿದೆ. ಕೂತ ಮೇಲೆ ಬೆವರು ಬಂತು. ಬೇರೆಯವರ ಮನೆಯ ಮೂರು ತಲೆಮಾರಿನ ಪತ್ರಗಳು ನಮ್ಮ ಪೆಟ್ಟಿಗೆಗಳಲ್ಲಿವೆ. ನಾವು ಮೊದಲು ಸೇರಿದ್ದು ಯಾವತ್ತು ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಹಳಬರನ್ನು ಕೇಳಿದೆ. ಫೋಟೋ ಪ್ರದರ್ಶನ ಮಾಡಿದೆವಲ್ಲ, ಅಲ್ಲಿಂದ ಶುರು ಅಂದರು ಒಬ್ಬರು. ಇಲ್ಲ, ರದ್ದಿಗೆ ಹೋಗುತ್ತಿದ್ದ ಟ್ರಂಕನ್ನು ತಡೆದದ್ದೇ ಮೊದಲು ಅಂದರು ಇನ್ನೊಬ್ಬರು. ಪ್ರದರ್ಶನ ನೋಡಿ ಆಮೇಲೆ ಸೇರಿದವನು ನಾನು, ಹಾಗಾಗಿ ಮೊದಲನೆಯವರ ಪರ.

ಟ್ರಂಕು ಮಾತ್ರ ಚೆನ್ನಾಗಿ ನೆನಪಿದೆ, ಅದನ್ನು ಕೆಡಿಸಿದ್ದು ನಾವೇ ಆದ್ದರಿಂದ. ಒಳಗೆ ದಾರ ಬಿಗಿದ ಕಟ್ಟುಗಳು: ಲೆಕ್ಕದ ವಹಿ, ರಸೀದಿ, ಪತ್ರ, ನಡುನಡುವೆ ಫೋಟೋ. ಅಚ್ಚುಕಟ್ಟಾಗಿರಲಿ ಎಂದು ದಾರ ಕತ್ತರಿಸಿ, ಪತ್ರಗಳನ್ನೆಲ್ಲ ಒಂದು ಕಡೆ, ಫೋಟೋಗಳನ್ನೆಲ್ಲ ಇನ್ನೊಂದು ಕಡೆ ಪೇರಿಸಿದೆವು. ನೋಡಲು ಏನು ಚಂದ! ಕೆಲವು ತಿಂಗಳ ಮೇಲೆ, ಸೈಕಲ್ ಹಿಡಿದು ನಿಂತ ಯುವಕನ ಫೋಟೋ ತೋರಿಸಿ ಇವನಾರು ಎಂದು ಒಬ್ಬರು ಕೇಳಿದರು. ಹೆಸರು ಯಾವ ಪತ್ರದ ಜೊತೆ ಇತ್ತೋ, ಆ ಪತ್ರ ನೂರಾರು ಪತ್ರಗಳ ರಾಶಿಯಲ್ಲಿ ಕರಗಿಹೋಗಿತ್ತು.

ಒಂದು ಮೂಲದಿಂದ ಬಂದದ್ದನ್ನು ಇನ್ನೊಂದರ ಜೊತೆ ಬೆರೆಸಬೇಡಿ ಎಂಬ ನಿಯಮ ಫ್ರಾನ್ಸಿನ ದಾಖಲೆ ಸಂಗ್ರಹಗಳಲ್ಲಿ 1841ರಷ್ಟು ಹಿಂದೆಯೇ ಆಗಿತ್ತು. ಇದ್ದ ಕ್ರಮವನ್ನೂ ಕೆಡಿಸಬೇಡಿ ಎಂಬುದನ್ನು ಮ್ಯೂಲರ್, ಫೈತ್, ಫ್ರೌಯಿನ್ ಎಂಬ ಮೂವರು ಡಚ್ಚರು ದಾಖಲೆ ಜೋಡಿಸುವ ಬಗೆಗಿನ 1898ರ ಕೈಪಿಡಿಯಲ್ಲಿ ಬರೆದಿಟ್ಟಿದ್ದರು. ನಾವು ಅದನ್ನು ಓದಿದ್ದು ದಾರ ಕತ್ತರಿಸಿ ಆದ ಮೇಲೆ.

ಆಮೇಲೆ ನೆರವಿಗೆ ಬಂದದ್ದು ಹುಳ. ಕಟ್ಟಿನ ಮೇಲಿಂದ ಕೆಳಗೆ ಕೊರೆಯುತ್ತ ಹೋದ ಹುಳ ಎಲ್ಲ ಹಾಳೆಗಳಲ್ಲೂ ಒಂದೇ ಜಾಗದಲ್ಲಿ ತೂತು ಬಿಟ್ಟಿರುತ್ತದೆ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ, ಜೋಡಿ ಸರಿಯಿದ್ದಲ್ಲಿ ಬೆಳಕು ಚುಕ್ಕಿಯಾಗಿ ಹಾಯುತ್ತದೆ. ಗುಂಡುಪಿನ್ನಿನ ತುಕ್ಕೂ ಹಾಗೆಯೇ: ಫೋಟೋದ ಹಿಂಬದಿಯ ಕಲೆಗೆ ಸರಿಯಾಗಿ ಕೂರುವ ಕಲೆ ಒಂದು ಪತ್ರದ ಮೂಲೆಯಲ್ಲಿ ಸಿಕ್ಕಿತು. ಸೈಕಲ್ ಹುಡುಗನಿಗೆ ಹೆಸರು ಬಂದದ್ದು ಹೀಗೆ. ಟ್ರಂಕಿನ ಬಹುಪಾಲು ಮಾತ್ರ ಇವತ್ತಿಗೂ ಬಿಡಿಬಿಡಿ.

ಸ್ಕ್ಯಾನಿಂಗ್ ಪುರಾಣ ಉದ್ದ ಬೇಡ. ಜಾಗ ಉಳಿಸಲು ಮೊದಲು 150 ಡಿಪಿಐನಲ್ಲಿ, ಅಂದರೆ ಇಂಚಿಗೆ 150 ಚುಕ್ಕಿಯಂತೆ, ಮಾಡಿದ ಫೋಟೋಗಳನ್ನೆಲ್ಲ ಮತ್ತೆ 600ರಲ್ಲಿ ಮಾಡಿದೆವು. ಹಾರ್ಡ್ ಡಿಸ್ಕ್ ಒಂದು ಕೈಕೊಟ್ಟ ಮೇಲೆ ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಿದ ಪಾಪವೂ ನಮ್ಮದೇ. ಅಂಟು ಹಳದಿಯಾಗಿ ಅಕ್ಷರದ ಮೇಲೇ ಕೂತಿದೆ.

ನಮ್ಮದೇ ಕಾಗದಗಳಿಗೆ ಕೊನೆಗೆ ಒಂದು ಪೆಟ್ಟಿಗೆ ಕೊಟ್ಟೆವು: ಸಭೆಯ ಟಿಪ್ಪಣಿ, ಕೀ ಯಾರ ಬಳಿ ಇದೆ ಎಂಬ ಪಟ್ಟಿ, ಮುದ್ರಿಸಿಕೊಂಡ ಮೊಬೈಲ್ ಸಂದೇಶಗಳು, ಯಾರು ಏನು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬ ಆವಕ ವಹಿ. ಇದಕ್ಕಾಗಿ ತಡಕಾಡುವಾಗ ಫೋಟೋ ಪೆಟ್ಟಿಗೆಯೊಂದರಲ್ಲಿ, ಗುಂಪುಗಳ ನಡುವೆ ಗುರುತಿಗೆ ತುರುಕಿದ್ದ ರಟ್ಟು ಕೈಗೆ ಬಂತು. ಹಿಂಬದಿಯಲ್ಲಿ ಪೆನ್ಸಿಲ್ ಬರಹ: ‘ಪ್ರದರ್ಶನಕ್ಕೆ ಬೇಕಾದದ್ದು. ಮೇಜು ನಾಲ್ಕು, ಬಿಳಿ ಬಟ್ಟೆ, ಟ್ರಂಕಿನ ಫೋಟೋಗಳು.’ ಕೆಳಗೆ ತಾರೀಕು. ಅಲ್ಲಿಗೆ ಟ್ರಂಕೇ ಮೊದಲು.

ಕೈಬರಹ ನನ್ನದು.