ಓದಲು ಕಲಿಯುವ ಮಗು ‘ಇಲ್ಲ’, ‘ಇಲ್ಲಿ’ ಎರಡರಲ್ಲೂ ಎಡವುತ್ತಿದೆಯೇ?

ಅಕ್ಷರಮಾಲೆಯ 49 ಅಕ್ಷರವೂ ಬಾಯಿಗೆ ಬಂದಿದೆ. ಆದರೂ ಪುಸ್ತಕ ಕೊಟ್ಟರೆ ಮಗು ಪ್ರತಿ ಸಲ ‘ಮ... ತ್ತು’ ಎಂದು ತಡವರಿಸುತ್ತದೆ. ಸಾಲು ಮುಗಿಯುವಷ್ಟರಲ್ಲಿ ಶುರುವಿನಲ್ಲಿ ಏನಿತ್ತು ಅನ್ನೋದೇ ಮರೆತಿರುತ್ತದೆ. ಮತ್ತು, ಇದು, ಒಂದು, ಆದರೆ, ಬೇಕು ಇಂಥ ಪದಗಳು ಪುಟಪುಟದಲ್ಲೂ ಬರುತ್ತವೆ. ಇವು ಕಂಡಕೂಡಲೇ ಗುರುತು ಸಿಕ್ಕರೆ ಮಗು ಕಥೆಯ ಕಡೆ ಗಮನ ಕೊಡಬಹುದು.

ಇಂಗ್ಲಿಷ್‌ಗೆ ಎಡ್ವರ್ಡ್ ಡಾಲ್ಚ್ ಎಂಬ ಅಮೆರಿಕದ ಶಿಕ್ಷಣತಜ್ಞರು 1936ರಲ್ಲೇ ಇಂಥ 220 ಪದಗಳ ಪಟ್ಟಿ ಮಾಡಿದ್ದರು. ಅಲ್ಲಿ ಎಷ್ಟೋ ಪದಗಳನ್ನು ಬರೆಯುವುದೊಂದು, ಓದುವುದೊಂದು. ನಮ್ಮದು ಹೆಚ್ಚುಕಮ್ಮಿ ಬರೆದಂತೆ ಓದುವ ಭಾಷೆ. ಅಷ್ಟು ಉದ್ದದ ಪಟ್ಟಿ ಸುಮ್ನೆ ಹೊರೆ.

ಮೊದಲು ಮಗು ಓದುತ್ತಿರುವ ಪುಸ್ತಕವನ್ನೇ ತೆಗೆದುಕೊಳ್ಳಿ. ಎರಡು ಮೂರು ಪುಟಗಳಲ್ಲಿ ಮತ್ತೆ ಮತ್ತೆ ಬರುವ ಪದಗಳಿಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ವಾರಕ್ಕೆ ನಾಲ್ಕೈದು ಪದ ಸಾಕು.

ಒಂದೊಂದನ್ನೂ ರಟ್ಟಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಚೀಟಿ ತೋರಿಸಿ ‘ಇದು “ಬೇಕು”, ಹೇಳು’ ಎಂದು ಉರು ಹೊಡೆಸಬೇಡಿ. ಬೆರಳು ಸರಿಸುತ್ತಾ ‘ಬೇ’, ‘ಕು’ ಎಂದು ಮಗುವೇ ಓದಲಿ, ಆಮೇಲೆ ಒಂದೇ ಉಸಿರಿಗೆ ‘ಬೇಕು’ ಎನ್ನಲಿ. ಹೀಗೆ ಹಲವು ಸಲ ಕೂಡಿಸಿ ಓದಿದ ಪದ ತಾನಾಗಿಯೇ ಕಣ್ಣಿಗೆ ಹತ್ತುತ್ತದೆ. ಓದುತ್ತಲೇ ಒಮ್ಮೆ ಬರೆದರೆ ಇನ್ನೂ ಒಳ್ಳೆಯದು.

ಇಲ್ಲೊಂದು ತೊಡಕಿದೆ. ಒತ್ತಕ್ಷರದ ಪಾಠ ಸಾಮಾನ್ಯವಾಗಿ ಬರುವುದು ಕಾಗುಣಿತ ಮುಗಿದ ಮೇಲೆ. ಆದರೆ ಅಮ್ಮ, ಮತ್ತು, ಎಲ್ಲಿ ಇವೆಲ್ಲ ಅಲ್ಲಿಯವರೆಗೆ ಕಾಯುತ್ತವೆಯೇ? ಪಾಠ ಬರಲಿ ಎಂದು ನೀವೂ ಕಾಯಬೇಡಿ. ಕೆಳಗಿನ ಒತ್ತನ್ನು ಬೆರಳಿಟ್ಟು ತೋರಿಸಿ. ‘ಇಲ’ ಎಂದೊಮ್ಮೆ, ‘ಇಲ್ಲ’ ಎಂದೊಮ್ಮೆ ಹೇಳಿ. ಕಿವಿಗೆ ವ್ಯತ್ಯಾಸ ಗೊತ್ತಾದರೆ ಸದ್ಯಕ್ಕೆ ಅಷ್ಟೇ ಸಾಕು.

ಜಾಸ್ತಿ ಸಮಯ ತಿನ್ನುವುದು ಜೋಡಿ ಪದಗಳು: ಇಲ್ಲ–ಇಲ್ಲಿ, ಬೇಕು–ಬೇಡ, ಅವನು–ಅವಳು. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು ಮಕ್ಕಳ ಅಭ್ಯಾಸ. ‘ಬೇಡ’ ಎಂದಿರುವಲ್ಲಿ ‘ಬೇಕು’ ಎಂದು ಓದಿದರೆ ಕಥೆಯೇ ತಲೆಕೆಳಗು, ಅಲ್ವಾ? ಎರಡನ್ನೂ ಒಂದೇ ದಿನ ಕಲಿಸಲು ಹೋಗಬೇಡಿ. ಒಂದು ಗಟ್ಟಿಯಾಗಲಿ, ಕೆಲವು ದಿನ ಬಿಟ್ಟು ಇನ್ನೊಂದು ಬರಲಿ. ಆಮೇಲೆ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ‘ಎಲ್ಲಿ ಬೇರೆ ಇದೆ?’ ಎಂದು ಕೇಳಿ. ‘ಇಲ್ಲಿ’ಯ ಗುಡಿಸನ್ನು ಮಗುವೇ ಹುಡುಕಲಿ. ತಪ್ಪು ಓದಿದಾಗ ಗದರುವುದು ಬೇಡ, ಎಡವಿದ ಅಕ್ಷರದ ಕೆಳಗೆ ಬೆರಳಿಟ್ಟರೆ ಮಗುವಿಗೆ ತಿಳಿಯುತ್ತದೆ.

ಚೀಟಿಯಲ್ಲಿ ಸರಾಗವಾಗಿ ಓದುವ ಮಗು ಪುಸ್ತಕದಲ್ಲಿ ಅದೇ ಪದಕ್ಕೆ ನಿಲ್ಲುವುದುಂಟು. ಅದಕ್ಕೇ ಚೀಟಿಗಳನ್ನು ಜೋಡಿಸಿ ‘ಇಲ್ಲಿ ಬಾ’, ‘ನನಗೆ ಬೇಡ’ ಎಂಬಂಥ ಪುಟ್ಟ ವಾಕ್ಯ ಮಾಡಿಸಿ, ಕೂಡಲೇ ಪುಸ್ತಕಕ್ಕೆ ಮರಳಿ. ‘ನಾನು’ ಕಲಿತ ಮೇಲೆ ನನ್ನ, ನನಗೆ ಇವನ್ನೂ ಬೆನ್ನಿಗೇ ತನ್ನಿ.

ದಿನಕ್ಕೆ ಹತ್ತು ನಿಮಿಷ ದಾಟದಿರಲಿ. ಮೂರು ಬೇರೆ ಬೇರೆ ದಿನ ತಡೆಯಿಲ್ಲದೆ ಓದಿದ ಚೀಟಿ ಡಬ್ಬಿಗೆ ಹೋಗಲಿ. ತಿಂಗಳಿಗೊಮ್ಮೆ ಡಬ್ಬಿ ಸುರಿದು ಓದಿಸಿ, ತಡವರಿಸಿದ ಚೀಟಿಗಳನ್ನಷ್ಟೇ ಹೊರಗಿಟ್ಟುಕೊಳ್ಳಿ.