ಹೊಗೆ ಬಂಗಡೆ: ನಿಮ್ಮ ನಾಲಿಗೆಗೆ ಎಷ್ಟು ಹೊಗೆ ಬೇಕು?

ಹೊಗೆಯಲ್ಲಿ ಬೇಯಿಸುವುದನ್ನು ಕಲಿಯಲು ಇಸವಾಣದಂಥ ದುಬಾರಿ ಮೀನು ಬೇಡ, ಬಂಗಡೆ ಸಾಕು. ಕೊಬ್ಬಿರುವುದರಿಂದ ಬೇಗ ಒಣಗುವುದಿಲ್ಲ, ಹೊಗೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ಕೆಟ್ಟರೂ ಕಿಸೆಗೆ ಭಾರವಲ್ಲ. ಸಲಕ್ಕೆ ಒಂದನ್ನೇ ಬದಲಿಸುತ್ತ ನಿಮ್ಮ ರುಚಿ ಕಂಡುಕೊಳ್ಳಿ: ಮೊದಲು ಉಪ್ಪುನೀರಿನಲ್ಲಿಡುವ ಹೊತ್ತು, ಆಮೇಲೆ ಹೊಗೆ ಕೊಡುವ ಸೌದೆ.

ಕಾರವಾರದ್ದೋ ಅಂಕೋಲೆಯದೋ ಪೇಟೆಯಲ್ಲಿ ಒಂದೇ ಗಾತ್ರದ ಆರು ಬಂಗಡೆ ಆರಿಸಿ, ಮಂಜುಗಡ್ಡೆಯಲ್ಲೇ ಮನೆಗೆ ತನ್ನಿ. ಸೆಕೆಯಲ್ಲಿ ಬಿಟ್ಟ ಬಂಗಡೆಯಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂತೆ ಕಾಡುವ ರಾಸಾಯನಿಕ ಹುಟ್ಟುತ್ತದೆ. ಬೇಯಿಸಿದರೂ ಹೊಗೆ ಕೊಟ್ಟರೂ ಅದು ಹೋಗದು. ಮೈ ಕೆಂಪಾಗಿ ತುರಿಕೆ ಎದ್ದರೆ ಬೈಸಿಕೊಳ್ಳುವುದು ಮಾತ್ರ ಪಾಪ, ಹೊಗೆ.

ಒಂದು ಲೀಟರ್ ತಣ್ಣೀರಿಗೆ 80 ಗ್ರಾಂ ಉಪ್ಪು, 20 ಗ್ರಾಂ ಬೆಲ್ಲ ಕರಗಿಸಿ. ಸಾಣಿಕಟ್ಟೆಯ ಹರಳುಪ್ಪೂ ಆದೀತು, ಆದರೆ ಚಮಚದಲ್ಲಿ ಅಳೆಯದೆ ತೂಗಿ. ಕರುಳು, ಕಿವಿರು ತೆಗೆದ ಮೀನುಗಳ ಬಾಲಕ್ಕೆ, ಯಾವುದು ಎಷ್ಟು ಹೊತ್ತು ನೆನೆಯಿತೆಂಬ ಗುರುತಿಗೆ ದಾರ ಕಟ್ಟಿ: ಎರಡಕ್ಕೆ ಒಂದು ಗಂಟು, ಎರಡಕ್ಕೆ ಎರಡು, ಉಳಿದವಕ್ಕೆ ಮೂರು. ಮೂರು ಗಂಟಿನವು ಮೊದಲು ಉಪ್ಪುನೀರಿಗಿಳಿಯಲಿ, ಅರ್ಧ ತಾಸಿಗೆ ಎರಡು ಗಂಟಿನವು, ಇನ್ನರ್ಧ ತಾಸಿಗೆ ಒಂದು ಗಂಟಿನವು. ಮತ್ತೆ ಅರ್ಧ ತಾಸಿಗೆ ಎಲ್ಲವೂ ಒಟ್ಟಿಗೆ ಹೊರಗೆ. ಅಷ್ಟು ಹೊತ್ತೂ ಪಾತ್ರೆ ಫ್ರಿಜ್‌ನಲ್ಲಿರಲಿ.

ಹೆಚ್ಚಿನವರು ಎಡವುವುದು ಒಣಗಿಸುವಲ್ಲಿ. ಹಸಿ ಚರ್ಮದ ಮೇಲೆ ಹೊಗೆ ನೀರಿನೊಡನೆ ಕಲೆತು ಕಪ್ಪು ಗೆರೆಯಾಗಿ ಇಳಿಯುತ್ತದೆ, ಮೀನು ಕಹಿಯಾಗುತ್ತದೆ. ತೊಳೆದು ಒರೆಸಿ, ಜಾಲರಿಯ ಮೇಲೆ ಮುಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆರಳು ತಾಗಿಸಿದರೆ ಒದ್ದೆಯಾಗಬಾರದು, ತುಸು ಅಂಟಬೇಕು.

ಮುಚ್ಚಳವೂ ಮೇಲೆ, ಕೆಳಗೆ ಗಾಳಿಕಿಂಡಿಯೂ ಇರುವ ಒಲೆಯ ಒಂದು ಬದಿಗೆ ಅರ್ಧ ಕಿಲೋ ಕರಟದ ಇದ್ದಿಲು, ಇನ್ನೊಂದು ಬದಿ ಮೀನಿಗೆ ಖಾಲಿ ಇರಲಿ. ಕೆಂಡಕ್ಕೆ ಬೂದಿ ಕಟ್ಟಿದ ಮೇಲೆ ಮುಷ್ಟಿಗಾತ್ರದ ಒಣ ಹಲಸಿನ ಸೌದೆಯ ತುಂಡೊಂದನ್ನು ಇಡಿ. ತುಂಡನ್ನು ನೆನೆಸಬೇಡಿ: ಮೊದಲು ಬರುವುದು ಆವಿ, ಕೆಂಡವೂ ತಣಿಯುತ್ತದೆ. ದಟ್ಟ ಬಿಳಿ ಹೊಗೆ ತೆಳುವಾಗುವವರೆಗೆ ಮೀನಿಡದೆ ಕಾಯಿರಿ. ಮೇಲಿನ ಕಿಂಡಿ ಪೂರ್ತಿ ತೆರೆದೇ ಇರಲಿ, ಶಾಖವನ್ನು ಕೆಳಗಿನ ಕಿಂಡಿಯಿಂದ ಹದ ಮಾಡಿ. ಮೇಲಿನದನ್ನು ಮುಚ್ಚಿದರೆ ಹೊಗೆ ಒಳಗೇ ಕೊಳೆತು ಡಾಂಬರಿನ ರುಚಿ. ಮೀನಿನ ಪಕ್ಕದಲ್ಲಿ 90ರಿಂದ 100 ಡಿಗ್ರಿ ಸೆಲ್ಸಿಯಸ್ ಇರಬೇಕು. ಮುಚ್ಚಳದ ಮಾಪಕ ಮೇಲ್ಭಾಗದ ಬಿಸಿಯನ್ನು ಹೇಳುತ್ತದೆ, ಅದನ್ನು ನಂಬಬೇಡಿ. ಒಂದು ತಾಸಿನ ಆಸುಪಾಸಿಗೆ ದಪ್ಪಭಾಗದೊಳಗೆ 63 ಡಿಗ್ರಿ ಮುಟ್ಟಿದರೆ ಇಳಿಸಿ. ಮೀನಿನ ಮೇಲೆ ಮೊಸರಿನಂಥ ಬಿಳಿ ಹನಿ ಎದ್ದಿದ್ದರೆ ಶಾಖ ಅವಸರದಲ್ಲಿ ಏರಿದೆ ಎಂದರ್ಥ.

ಪ್ಲೈವುಡ್, ಬಣ್ಣ ಬಳಿದ ಮರ ಬೇಡ. ಗೇರುಬೀಜದ ಸಿಪ್ಪೆಯಂತೂ ಬೇಡವೇ ಬೇಡ, ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು ಉರಿಸುತ್ತದೆ.

ಒಲೆಯ ಬಳಿ ನಿಂತ ಮೂಗಿಗೆ ಹೊಗೆಯ ವಾಸನೆಯೇ ತಿಳಿಯದು. ಮುಖ ತೊಳೆದು, ತಾಸು ಬಿಟ್ಟು ರುಚಿ ನೋಡಿ. ದಾರ ಬಿಚ್ಚಿ ತಟ್ಟೆಗೆ ಹಾಕುವ ಕೆಲಸ ಮನೆಯ ಬೇರೆಯವರಿಗಿರಲಿ, ಯಾವುದು ಎಷ್ಟು ಹೊತ್ತಿನದೆಂದು ತಿನ್ನುವವರಿಗೆ ಗೊತ್ತಿರಬಾರದು. ಪ್ರತಿ ಜೊತೆಯಲ್ಲಿ ಒಂದನ್ನು ಮರುದಿನಕ್ಕೆ ಉಳಿಸಿ. ಅಷ್ಟರಲ್ಲಿ ಹೊಗೆಯ ಘಾಟು ತಗ್ಗಿರುತ್ತದೆ, ನಿನ್ನೆ ಒಲ್ಲದ್ದು ಇಂದು ಹಿಡಿಸಬಹುದು. ಎರಡೂ ದಿನದ ರುಚಿಯನ್ನು ಬರೆದಿಡಿ.

ಉಪ್ಪು ತೀರ್ಮಾನವಾದ ಮೇಲೆ ಮುಂದಿನ ಸಲ ಸೌದೆಯೊಂದನ್ನೇ ಬದಲಿಸಿ: ಪೇರಲವೋ ಮಾವೋ. ತೆಂಗಿನ ಸಿಪ್ಪೆಯ ಹೊಗೆ ತೀಕ್ಷ್ಣ, ಕಡೆಯ ಹತ್ತು ನಿಮಿಷಕ್ಕಷ್ಟೇ ಸಾಕು. ಅದರಾಚೆಯ ಸರದಿ ಉಪ್ಪುನೀರಿಗೆ ಜಜ್ಜಿದ ತಿರಫಳದ್ದು, ಅಂದರೆ ನಾಲಿಗೆ ಜುಮ್ಮೆನಿಸುವ ಕರಾವಳಿಯ ಮಸಾಲೆಕಾಯಿಯದ್ದು. ಟ್ರಾಲರುಗಳು ದಡ ಹಿಡಿಯುವ ಜೂನ್, ಜುಲೈನಲ್ಲಿ ಕೋಳಿಕಾಲಿನ ಮೇಲೆ ಪ್ರಯೋಗ ಮುಂದುವರಿಸಿ: ಒಳಗೆ 74 ಡಿಗ್ರಿ ಆಗಲೇಬೇಕು, ಒಲೆ 140ರ ಹತ್ತಿರವಿರಲಿ, ಇಲ್ಲವಾದರೆ ಚರ್ಮ ರಬ್ಬರಾಗುತ್ತದೆ.

ಇದು ಒಣಮೀನಲ್ಲ, ಡಬ್ಬಿಯಲ್ಲಿಟ್ಟು ಮರೆಯುವಂತಿಲ್ಲ. ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ತಿಂದು ಮುಗಿಸಿ.