ಬ್ಯಾಟರಿ ಪೋಲ್ ಸಾ: ಮರಗಸಿಗೆ ಇಳಿಯೋಕೆ ಮುಂಚೆ ಇಷ್ಟು ತಿಳ್ಕೊಳ್ಳಿ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಮರ ಹತ್ತೋ ಜನ ಸಿಗೋದೇ ಕಷ್ಟ ಆಗಿದೆ, ಹಂಗಾಗಿ ಸಣ್ಣಪುಟ್ಟ ಮರಗಸಿಗೆ, ಅಂದ್ರೆ ತೋಟದ ನೆರಳಿನ ಮರಗಳ ಕೊಂಬೆ ಸವರೋ ಕೆಲಸಕ್ಕೆ, ತೋಟದವರು ಬ್ಯಾಟರಿ ಪೋಲ್ ಸಾ (ಉದ್ದ ಕೋಲಿನ ತುದೀಲಿ ಸಣ್ಣ ಚೈನ್ ಗರಗಸ ಇರೋ ಮಿಷನ್) ತಗೊಳ್ತಿದಾರೆ. ಒಳ್ಳೇದೇ. ಆದ್ರೆ ಕೊಂಬೆಯ ನೆಟ್ಟಗೆ ಕೆಳಗೆ ನಿಂತು ಮೇಲಿಂದ ಒಂದೇ ಸಲ ಕೊಯ್ಯೋರನ್ನ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಕೊಂಬೆ ತಲೆ ಮೇಲೆ ಬರುತ್ತೆ, ಇಲ್ಲಾಂದ್ರೆ ಕಾಂಡದ ಸಿಪ್ಪೆ ಸೀಳ್ಕೊಂಡು ಬಂದು ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿನೂ ಎಳ್ಕೊಂಡು ಬೀಳುತ್ತೆ.

ತಗೊಳ್ಳೋವಾಗ ಡಬ್ಬದ ಮೇಲೆ 48ವಿಎಫ್, 88ವಿಎಫ್ ಅಂತ ದೊಡ್ಡದಾಗಿ ಬರ್ದಿದ್ರೆ ಮರುಳಾಗ್ಬೇಡಿ, ಅದು ವೋಲ್ಟ್ ಅಲ್ಲ. ಒಳಗೆ 5 ಲಿಥಿಯಂ ಸೆಲ್ ಸಾಲಾಗಿದ್ರೆ ಫುಲ್ ಚಾರ್ಜಲ್ಲಿ 21 ವೋಲ್ಟ್, ಕೆಲಸದ ಹೊತ್ತಲ್ಲಿ ಸುಮಾರು 18, ಅಷ್ಟೇ. ವೋಲ್ಟನ್ನ ಬ್ಯಾಟರಿ ಮೇಲಿರೋ ಎಎಚ್‌ನಿಂದ (ಆಂಪಿಯರ್-ಅವರ್) ಗುಣಿಸಿದ್ರೆ ಬ್ಯಾಟರೀಲಿ ಎಷ್ಟು ಶಕ್ತಿ ಇದೆ ಅಂತ ಗೊತ್ತಾಗುತ್ತೆ, 18 ವೋಲ್ಟ್ 4 ಎಎಚ್ ಅಂದ್ರೆ 72 ವಾಟ್-ಅವರ್, ಎರಡು ಮಿಷನ್ ಹೋಲ್ಸೋದಾದ್ರೆ ಈ ಲೆಕ್ಕದಲ್ಲೇ ಹೋಲ್ಸಿ. ಬಾರ್, ಅಂದ್ರೆ ಚೈನ್ ಸುತ್ತ ಓಡೋ ಪಟ್ಟಿ, 8 ಇಂಚಿದ್ರೆ 5-6 ಇಂಚಿಗಿಂತ ದಪ್ಪದ ಕೊಂಬೆ ಮುಟ್ಬೇಡಿ.

ಚೈನ್ ನೋಡೋವಾಗ ಬ್ಯಾಟರಿ ತೆಗೆದಿಡಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು. ಚೈನ್ ಕೈಯಲ್ಲಿ ಸಲೀಸಾಗಿ ಓಡ್ಬೇಕು, ಬಾರ್ ಕೆಳಗೆ ಜೋತು ಬೀಳಬಾರದು. ಆಯಿಲ್ ಹಾಕ್ಬೇಕು, ಅದೂ ಅಂಟಂಟಾಗಿರೋ ಚೈನ್ ಆಯಿಲ್ಲೇ ಆಗ್ಬೇಕು. ಬೈಕಿಂದ ಇಳ್ಸಿದ ಕರಿ ಆಯಿಲ್ ಹಾಕೋ ಚಾಳಿ ಬಿಟ್ಬಿಡಿ, ಅದು ಚೈನಿಗೆ ನಿಲ್ಲಲ್ಲ, ಅದ್ರಲ್ಲಿರೋ ಲೋಹದ ಪುಡಿ ಬಾರನ್ನೇ ಸವೆಸುತ್ತೆ. ಪಂಚೆ, ಲುಂಗಿ ಬೇಡ. ಹೆಲ್ಮೆಟ್, ಕನ್ನಡಕ, ಬೂಟು ಬೇಕೇ ಬೇಕು.

ಆಮೇಲೆ ತಲೆ ಎತ್ತಿ ಮರ ನೋಡಿ. ಹೆಜ್ಜೇನು, ಕಣಜದ ಗೂಡು, ಚಗಳಿ ಇರುವೆ, ಮುರಿದು ಸಿಕ್ಕಾಕ್ಕೊಂಡಿರೋ ಒಣ ಕೊಂಬೆ, ಎಲ್ಲಕ್ಕಿಂತ ಮುಖ್ಯ ಕರೆಂಟ್ ಲೈನ್. ಬ್ಯಾಟರಿ ಮಿಷನ್ ತಾನೇ ಏನಾಗುತ್ತೆ ಅಂತ ಕೇಳೋರಿದಾರೆ. ಪೋಲ್ ಅಲ್ಯುಮಿನಿಯಂದು ಕಣ್ರೀ, ಮೆಣಸು ಕೊಯ್ಯೋ ಏಣಿ ಲೈನಿಗೆ ತಾಗಿ ನಮ್ ಕಡೆ ಜೀವಗಳು ಹೋಗಿವೆ, ಇದೂ ಅದೇ ಲೋಹ. ಕೊಂಬೆ ಲೈನ್ ಹತ್ರ ಇದ್ರೆ ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ, ಹಾಸನದವರಿಗೆ ಚೆಸ್ಕಾಂ, ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಲೈನ್ ಆಫ್ ಮಾಡ್ಸದೆ ಕೈ ಹಾಕ್ಬೇಡಿ.

ಈಗ ಕೊಯ್ಯೋದು, ಎಡವೋದೆಲ್ಲ ಇಲ್ಲೇ. ಕೊಂಬೆ ಬೀಳೋ ಜಾಗದಿಂದ ಪಕ್ಕಕ್ಕೆ ನಿಲ್ಲಿ, ಪೋಲ್ ನೆಲಕ್ಕೆ 60 ಡಿಗ್ರಿಗಿಂತ ನೆಟ್ಟಗಾಗೋದು ಬೇಡ, ನೆಟ್ಟಗಾದಷ್ಟೂ ನೀವು ಕೊಂಬೆ ಅಡಿಗೇ ಹೋಗ್ತೀರ. ಬೇರೆಯವರು 15 ಮೀಟರ್ ದೂರ ಇರ್ಲಿ, ಹಿಂದಕ್ಕೆ ಓಡೋಕೆ ದಾರಿ ಮೊದ್ಲೇ ನೋಡ್ಕೊಳ್ಳಿ, ಕಾಫಿ ಗಿಡಕ್ಕೆ ಕಾಲು ಸಿಕ್ಕೋಬಾರದು. ಉದ್ದ ಕೊಂಬೆನ ತುದಿಯಿಂದ ಮೂರು-ನಾಲ್ಕು ಅಡಿ ತುಂಡು ಮಾಡ್ತಾ ಬನ್ನಿ. ಕೊನೇಲಿ ಉಳಿಯೋ ಭಾಗಕ್ಕೆ ಮೂರು ಕೊಯ್ತ. ಕಾಂಡದಿಂದ ಒಂದಡಿ ಬಿಟ್ಟು ಮೊದಲನೇದು ಕೆಳಗಿಂದ, ದಪ್ಪದ ಮೂರನೇ ಒಂದು ಭಾಗ ಮಾತ್ರ, ಜಾಸ್ತಿ ಹೋದ್ರೆ ಕೊಂಬೆ ಭಾರಕ್ಕೆ ಚೈನ್ ಸಿಕ್ಕಾಕ್ಕೊಳ್ಳುತ್ತೆ. ಆಗ ಬಾರ್ ಮೇಲ್ಭಾಗ ಮರಕ್ಕೆ ತಾಗೋದ್ರಿಂದ ಪೋಲ್ ನಮ್ಮ ಕಡೆ ತಳ್ಳುತ್ತೆ, ಎರಡೂ ಕೈ ಬಿಗಿ ಇರ್ಲಿ, ಬಾರ್ ತುದಿಯಂತೂ ತಾಗಿಸ್ಲೇಬೇಡಿ, ಮಿಷನ್ ಒದ್ದುಬಿಡುತ್ತೆ. ಎರಡನೇದು ಮೇಲಿಂದ, ಮೊದಲನೇದಕ್ಕಿಂತ ಒಂದೆರಡು ಇಂಚು ತುದಿ ಕಡೆ. ಚೈನ್ ಪೂರ್ತಿ ಸ್ಪೀಡಿಗೆ ಬಂದ ಮೇಲೇ ಮರಕ್ಕೆ ಇಡಿ, ಒತ್ತಬೇಡಿ, ಮಿಷನ್ ಭಾರವೇ ಸಾಕು. ಕೊಂಬೆ ಮುರಿಯುತ್ತೆ, ಸಿಪ್ಪೆ ಸೀಳೋದು ಕೆಳಗಿನ ಗಾಯದ ಹತ್ರ ನಿಲ್ಲುತ್ತೆ. ಮೂರನೇದು ಉಳಿದ ಮೋಟು. ಕೊಂಬೆ ಕಾಂಡ ಸೇರೋ ಕಡೆ ಬಳೆ ಥರ ಉಬ್ಬಿರುತ್ತಲ್ಲ, ಅದರ ಹೊರಗೆ ಕೊಯ್ಯಿರಿ, ಗಾಯ ಮುಚ್ಚೋದು ಆ ಉಬ್ಬಿಂದಲೇ. ಕಾಂಡಕ್ಕೆ ನುಣ್ಣಗೆ ಕೊಯ್ದು ಚೆಂದ ಮಾಡೋಕೆ ಹೋಗ್ಬೇಡಿ.

ಚೈನ್ ಸಿಕ್ಕಾಕ್ಕೊಂಡ್ರೆ ಜಗ್ಗಬೇಡಿ. ಮಿಷನ್ ನಿಲ್ಸಿ, ಬ್ಯಾಟರಿ ತೆಗೆದು, ದೂರದಿಂದ ಹಗ್ಗ ಹಾಕಿ ಕೊಂಬೆ ಎತ್ತಿಸಿ ಬಿಡಿಸ್ಕೊಳ್ಳಿ. ಏಣಿ ಮೇಲೆ ನಿಂತು ಪೋಲ್ ಸಾ ಹಿಡಿಯೋದು ಯಾವ ಕಾರಣಕ್ಕೂ ಬೇಡ, ನೆಲದ ಮೇಲೆ ನಿಂತು ಪೋಲಿಗೂ ಎಟುಕದ ಕೊಂಬೆಗೆ ಮರ ಹತ್ತೋರನ್ನೇ ಕರೀರಿ.

ಕೆಲಸ ಮುಗಿದ ಮೇಲೆ ಹೊಟ್ಟು ಒರೆಸಿ, ಬಾರಿಗೆ ಕವರ್ ಹಾಕಿ. ಬ್ಯಾಟರಿ ಬಿಸಿ ಇದ್ದಾಗ ಚಾರ್ಜಿಗೆ ಇಡ್ಬೇಡಿ. ಮಳೆಗಾಲ ಪೂರ್ತಿ ಸುಮ್ನೆ ಇಡೋದಾದ್ರೆ ಅರ್ಧ ಚಾರ್ಜಲ್ಲಿ, ಮಿಷನಿಂದ ಬಿಚ್ಚಿ, ತೇವ ಇಲ್ಲದ ಕಡೆ ಇಡಿ.